ಕರಿಗಲ್ಲು ಹಳ್ಳದ ಕಪ್ಪು ಗೌನು

ನಮ್ಮ ಚರ್ಚಿನ ಅಂಗಳದಲ್ಲಿ ಒಂದು ಕಲ್ಲು ನಿಲ್ಲಿಸಿದ್ದಾರೆ. ನಮ್ಮ ಮುತ್ತಾತಂದಿರು ಜರ್ಮನ್ ಸೀಮೆಯ ಪೊಮೆರಾನಿಯದಿಂದ ಹಡಗು ಹತ್ತಿ ಬ್ರೆಜಿಲಿನ ಈ ಬೆಟ್ಟಗಳಿಗೆ ಬಂದಾಗ ಮೊದಲು ಕಾಡು ಕಡಿದ ಮನೆತನಗಳ ಹೆಸರನ್ನು ಅದರಲ್ಲಿ ಕೆತ್ತಿಸಿದ್ದಾರೆ. ಹೊರಗಿನವರು ಬಂದು, ಕಲ್ಲಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ಎಲ್ಲ ತಿಳಿದವರಂತೆ ಬಸ್ಸು ಹತ್ತುತ್ತಾರೆ. ಅದರಲ್ಲಿ ರಾಶ್ ಮತ್ತು ಟೆಶ್ ಅನ್ನುವ ಎರಡು ಹೆಸರು ಒಂದರ ಕೆಳಗೊಂದು ಇವೆ. ಈ ಎರಡು ಮನೆಯವರು ಅಷ್ಟು ಹತ್ತಿರ ಕೂರದೆ ಅರ್ಧ ಶತಮಾನವೇ ಆಗಿತ್ತು ಎಂಬುದು ಕೆತ್ತಿದವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಡುವೆ ಇನ್ನೊಂದು ಹೆಸರು ತುರುಕುತ್ತಿದ್ದನೋ ಏನೋ.

ನಾನು ಫ್ಲೊರಿಯಾನೊ ಬೋಲ್ಟ್. ಮದುವೆಗಳಲ್ಲಿ ಕನ್ಸರ್ಟಿನ ನುಡಿಸುತ್ತೇನೆ. ಎಳೆದು ಒತ್ತಿ ನುಡಿಸುವ ಆ ಕೈಪೆಟ್ಟಿಗೆ ಹಿಡಿದು ಕೂತವನಿಗೆ ಒಂದು ಅನುಕೂಲವಿದೆ. ಕೈಗೆ ಕೆಲಸವಿರುತ್ತದೆ, ಕಣ್ಣಿಗೆ ರಜ. ಯಾರು ಯಾರ ಪಕ್ಕ ಕೂರುತ್ತಾರೆ, ಯಾರನ್ನು ಕಂಡು ಯಾರು ಮುಖ ತಿರುಗಿಸುತ್ತಾರೆ ಎಲ್ಲವೂ ಕಾಣುತ್ತದೆ. ಈ ಕಣಿವೆಯಲ್ಲಿ ನಾನು ಬಹುಕಾಲ ಮದುವೆ ಚಪ್ಪರದಡಿ ನೋಡದ ಮುಖವೆಂದರೆ ನನ್ನ ನೆರೆಮನೆಯ ಆಲ್ವಿನಾ ರಾಶ್‌ಳದು. ಕಲ್ಲಿನಲ್ಲಿ ಅವಳ ಮುತ್ತಾತನ ಹೆಸರಿದೆ, ಅವಳದಿಲ್ಲ. ಹಾಗಾಗಿ ನಾನು ಬರೆಯುತ್ತಿದ್ದೇನೆ.

ಮುತ್ತಾತ ಕಾರ್ಲ್ ರಾಶ್ ಮತ್ತು ವಿಲ್ಹೆಲ್ಮ್ ಟೆಶ್ ಒಂದೇ ಹಡಗಿನಲ್ಲಿ ಬಂದವರು. ಹಡಗಿನಲ್ಲಿ ಒಂದು ಕಂಬಳಿಗಾಗಿ ಹೊಡೆದಾಡಿದ್ದರಂತೆ. ಇಳಿಯುವಷ್ಟರಲ್ಲಿ ಜೀವದ ಗೆಳೆಯರು. ಸರ್ಕಾರ ಕರಿಗಲ್ಲು ಹಳ್ಳದ ಆಚೆ ಒಬ್ಬನಿಗೆ, ಈಚೆ ಒಬ್ಬನಿಗೆ ನೆಲ ಅಳೆದು ಕೊಟ್ಟಿತು. ನೆಲವೆಂದರೆ ಬರೀ ಕಾಡು. ಮೊದಲ ಮಳೆಗಾಲವನ್ನು ಎರಡು ಸಂಸಾರಗಳೂ ಒಂದೇ ತಾಳೆಗರಿಯ ಮಾಡಿನ ಕೆಳಗೆ ಕಳೆದವು. ಇದ್ದದ್ದು ಒಂದೇ ಹಸು. ಬೆಳಗಿನ ಹಾಲು ರಾಶ್‌ಗೆ, ಸಂಜೆಯದು ಟೆಶ್‌ಗೆ. ಟೆಶ್‌ನ ಹೆಂಡತಿ ಬಾಣಂತಿ ಜ್ವರದಲ್ಲಿ ಹೋದಾಗ ಅವಳ ಕೂಸಿಗೆ ಮೊಲೆಯುಣಿಸಿದವಳು ರಾಶ್‌ನ ಹೆಂಡತಿ. ಆಮೇಲೆ ಹಳ್ಳಕ್ಕೆ ಅಡ್ಡವಾಗಿ ಒಂದು ದೊಡ್ಡ ಮರ ಬೀಳಿಸಿ, ಮೇಲ್ಮೈ ಕೆತ್ತಿ, ಸಂಕ ಮಾಡಿಕೊಂಡರು. ಕಾಫಿ ಹಾಕಿದರು, ಗೆಣಸು ಹಾಕಿದರು, ಮಕ್ಕಳನ್ನು ಹೂಳಿದರು, ಮಕ್ಕಳನ್ನು ಹೆತ್ತರು.

ಕಾರ್ಲ್ ರಾಶ್‌ಗೆ ಪದ ಕಟ್ಟುವ ಚಟವಿತ್ತು. ಟೆಶ್ ಎರಡನೇ ಮದುವೆಯಾದಾಗ ಊರನ್ನು ಕರೆಯಲು ಅವನು ಕಟ್ಟಿದ ಪದವನ್ನೇ ಈ ಸೀಮೆಯ ಎಲ್ಲ ಕರೆಗಾರರು ಇವತ್ತಿಗೂ ಹೇಳುತ್ತಾರೆ:

ಹಂದಿ ಕೊಬ್ಬಿದೆ, ಕೋಳಿ ಕೂಗಿದೆ, ಒಲೆಯ ಬೆಂಕಿ ಉರಿದಿದೆ,
ಮನೆಗೆ ಅಗುಳಿ ಹಾಕಿ ಬನ್ನಿ, ನಾಯಿಗೂ ಒಂದು ಮೂಳೆಯಿದೆ.

ಕರೆಗಾರನೆಂದರೆ ಹೆಚ್ಚಾಗಿ ಮದುವೆ ಹೆಣ್ಣಿನ ಅಣ್ಣನೋ ತಮ್ಮನೋ. ಟೋಪಿಗೆ ಬಣ್ಣದ ಪಟ್ಟಿ ಕಟ್ಟಿಕೊಂಡು, ಕಬ್ಬಿನ ಸಾರಾಯಿಯ ಬಾಟಲಿ ಹಿಡಿದು, ಹಿಂದೆ ಕುದುರೆಯ ಮೇಲೆ, ಈಗ ಮೋಟಾರುಬೈಕಿನ ಮೇಲೆ, ಮನೆಮನೆಗೂ ಹೋಗಿ ಬಾಗಿಲಲ್ಲಿ ನಿಂತು ಆ ಪದ ಹೇಳುತ್ತಾನೆ. ಮನೆಯವರು ಬಾಟಲಿಯಿಂದ ಒಂದು ಗುಟುಕು ಕುಡಿದು ಅವನ ಅಂಗಿಗೆ ಒಂದು ಪಟ್ಟಿ ಸಿಕ್ಕಿಸುತ್ತಾರೆ. ಅಷ್ಟಾದರೆ ಕರೆದಂತೆ. ಸಾವಾದ ಮನೆಯನ್ನು ಮಾತ್ರ ಕರೆಯುವಂತಿಲ್ಲ. ಟೋಪಿ ತೆಗೆದು ಸದ್ದಿಲ್ಲದೆ ಮುಂದೆ ಹೋಗಬೇಕು. ಇನ್ನು ಕರೆಯದ ಮನೆಯವರು ಯಾಕೆ ಕರೆಯಲಿಲ್ಲ ಅಂತ ಕೇಳುವುದಿಲ್ಲ. ಕೇಳಿದರೆ ಊಟಕ್ಕೆ ಕೈಚಾಚಿದಂತಾಗುತ್ತದೆ. ಹಸಿದು ಸತ್ತರೂ ನಮ್ಮವರು ಆ ಕೆಲಸ ಮಾಡುವುದಿಲ್ಲ, ಅಷ್ಟು ಬಿಗುಮಾನ.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಆಲ್ವಿನಾ ಆಗ ಹತ್ತೊಂಬತ್ತರ ಹುಡುಗಿ. ಟೆಶ್ ಮನೆಯ ಕಿರಿಯ ಮಗ ಹೆರ್ಮಾನ್ ಜೊತೆ ಅವಳ ಮದುವೆ ನಿಶ್ಚಯವಾಗಿತ್ತು. ಮೊದಲು ಅವನ ಅಣ್ಣನ ಮದುವೆ, ಕಾಫಿ ಕೊಯ್ಲು ಮುಗಿದ ಮೇಲೆ ಇವರದು. ಇವರ ಮದುವೆಯೂಟಕ್ಕೆಂದು ಎರಡೂ ಮನೆಯವರು ಸೇರಿ ಒಂದು ಹಂದಿಯನ್ನು ರಾಶ್ ಮನೆಯ ದೊಡ್ಡಿಯಲ್ಲಿ ಮೇಯಿಸುತ್ತಿದ್ದರು. ಆಲ್ವಿನಾ ತನ್ನ ಮದುವೆಯ ಗೌನನ್ನು ತಾನೇ ಹೊಲಿದಿದ್ದಳು. ಕಪ್ಪು ಗೌನು. ನಮ್ಮ ಕಣಿವೆಯಲ್ಲಿ ಆಗ ಮದುಮಗಳು ತೊಡುತ್ತಿದ್ದುದು ಕಪ್ಪನ್ನೇ. ತವರು ಬಿಡುವ ದುಃಖಕ್ಕೆ ಅಂತ ಕೆಲವರು, ಬೇಗ ಕೊಳೆಯಾಗಲ್ಲ ಅಂತ ಕೆಲವರು. ಕುತ್ತಿಗೆಯಿಂದ ಸೊಂಟದವರೆಗೆ ಸಣ್ಣ ಗುಂಡಿಗಳು, ತೋಳಿನಲ್ಲಿ ನೆರಿಗೆ. ಹೊಲಿದು ಮುಗಿಸಿದವಳು ಅದನ್ನು ದಾರಿಗೆ ಕಾಣುವಂತೆ ತಂತಿಯ ಮೇಲೆ ಗಾಳಿಗೆ ಹಾಕಿದ್ದಳು.

ಅಣ್ಣನ ಮದುವೆಯ ಹೆಣ್ಣು ಜಲಪಾತದ ಕಣಿವೆಯವಳು. ಅಲ್ಲಿಂದ ಇಲ್ಲಿಗೆ ಕುದುರೆಯ ಮೇಲೆ ಬಹಳ ದೂರ. ಕರೆಗಾರ ಅವಳ ತಮ್ಮ. ನಮ್ಮ ಕಡೆ ಅವನಿಗೆ ಯಾರ ಪರಿಚಯವೂ ಇರಲಿಲ್ಲ. ಆಲ್ವಿನಾಳ ಅಪ್ಪ ಆಗಸ್ಟ್ ರಾಶ್ ಒಗೆದ ಅಂಗಿ ತೊಟ್ಟು, ಪಟ್ಟಿ ಕೈಯಲ್ಲಿ ಹಿಡಿದು ಜಗಲಿಯಲ್ಲಿ ಕಾದು ಕೂತಿದ್ದ. ಕರೆಗಾರ ದಾರಿಯ ತಿರುವಿನಲ್ಲಿ ಕುದುರೆ ನಿಲ್ಲಿಸಿದ. ಮನೆಯ ಕಡೆ ನೋಡಿದ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ಮುಂದೆ ಹೊರಟುಹೋದ.

"ನಾವೇನು ಸತ್ತೋದ್ವಾ?" ಅಂದನಂತೆ ಆಗಸ್ಟ್. "ಬದುಕಿರೋ ಮನೆ ಮುಂದೆ ಟೋಪಿ ತೆಗೀತಾರಾ? ಹೇಳ್ಕೊಟ್ಟು ಕಳ್ಸಿದಾರೆ ಟೆಶ್ ನನ್ಮಕ್ಕಳು!"

ರಾಶ್ ಮನೆಯಿಂದ ಯಾರೂ ಆ ಮದುವೆಗೆ ಹೋಗಲಿಲ್ಲ. ಮುಖ್ಯವಾದ ಜಾಗ ಖಾಲಿ ಬಿದ್ದದ್ದು ನೋಡಿ ಟೆಶ್ ಮನೆಯವರು ಕರೆಗಾರನನ್ನು ಕೇಳಿದರು. ಅವನು, "ಕರೀಬೇಕಾದ ಮನೇನೆಲ್ಲ ಕರ್ದಿದೀನಿ," ಅಂದ. ಮನೆಮನೆಯಲ್ಲೂ ಕುಡಿದು ಬಂದಿದ್ದವನು ಅಷ್ಟು ಹೇಳಿದ್ದೇ ಹೆಚ್ಚು. ಹಾಗಾದರೆ ಕರೆದರೂ ಬರಲಿಲ್ಲ ಅಂತಾಯಿತು. ಹಳ್ಳದ ಆಚೆ, ಕರೆದರೂ ಬರಲಿಲ್ಲ. ಹಳ್ಳದ ಈಚೆ, ಕರೆಯಲೇ ಇಲ್ಲ. ಒಂದು ವಾರ ಕಾದು ಆಗಸ್ಟ್ ಆ ಹಂದಿಯನ್ನು ದೊಡ್ಡಿಯಿಂದ ಬಿಟ್ಟು, ಕೋಲಿನಲ್ಲಿ ಹೊಡೆದು, ಸಂಕ ದಾಟಿಸಿ ಕಳಿಸಿದ. ಹಂದಿ ವಾಪಸು ಬಂತೆಂದರೆ ಮದುವೆ ಮುರಿಯಿತು ಅಂತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಟೆಶ್ ಮನೆಯವರು ಅದನ್ನು ಕಡಿದು ತಿಂದರು.

ಟೆಶ್ ಮನೆಯ ಕರೆಗಾರ ಈ ಬಾಗಿಲಿಗೆ ಬಂದು ಪದ ಹೇಳುವವರೆಗೆ ಈ ಮನೆಯವರು ಯಾರ ಮದುವೆಗೂ ಹೋಗಕೂಡದು ಎಂದು ಆಗಸ್ಟ್ ಆಣೆ ಹಾಕಿದ. ಬರಬರುತ್ತ ಬೇರೆ ಕರೆಗಾರರೂ ಆ ಬಾಗಿಲಿಗೆ ಬರುವುದನ್ನು ಬಿಟ್ಟರು. ಹೆರ್ಮಾನ್ ಮೂರ್ನಾಲ್ಕು ವರ್ಷ ನೋಡಿ ಬೇರೆ ಹುಡುಗಿಯನ್ನು ಮದುವೆಯಾದ. ಆಲ್ವಿನಾ ಆಗಲಿಲ್ಲ. ಕೇಳಿ ಬಂದವರಿದ್ದರು, ಅವರಿಗೆ ಕಾಫಿ ಕೊಟ್ಟು ಕಳಿಸಿದಳು.

ಅವಳ ಬದುಕನ್ನು ಗೋಳೆಂದು ಹೇಳಿದರೆ ಸುಳ್ಳಾಗುತ್ತದೆ. ಶುಂಠಿ ಬೆಳೆದಳು, ಕೋಳಿ ಸಾಕಿದಳು. ಅತ್ತಿಗೆ ಸತ್ತ ಮೇಲೆ ಅಣ್ಣನ ಮಕ್ಕಳನ್ನು ಬೆಳೆಸಿದಳು. ಜೋಳದ ಹಿಟ್ಟಿಗೆ ಗೆಣಸು ತುರಿದು, ಬಾಳೆಲೆಯ ಮೇಲಿಟ್ಟು ಅವಳು ಬೇಯಿಸುತ್ತಿದ್ದ ರೊಟ್ಟಿಯ ವಾಸನೆಗೆ ನಾನು ನೆಪ ಹುಡುಕಿಕೊಂಡು ಹೋಗುತ್ತಿದ್ದೆ. ಮಾತು ಚುರುಕು, ನಾಲಗೆ ಇನ್ನೂ ಚುರುಕು. ಊರಿನ ಮದುವೆಗಳಿಂದ ಯಾರಾದರೂ ಪಾಪವೆಂದು ಕೇಕು ತಂದುಕೊಟ್ಟರೆ ಅವರ ಎದುರೇ ಕೋಳಿಗಳಿಗೆ ಎಸೆಯುತ್ತಿದ್ದಳು. ಅವಳ ಕೋಳಿಗಳಷ್ಟು ಮದುವೆ ಕೇಕು ತಿಂದ ಕೋಳಿಗಳು ಬ್ರೆಜಿಲಿನಲ್ಲೇ ಇರಲಿಕ್ಕಿಲ್ಲ.

ಆಗಸ್ಟ್ ಸತ್ತ ಮೇಲೂ ಆಣೆ ಸಾಯಲಿಲ್ಲ. ಅವಳು ಸಾಕಿದ ಅಣ್ಣನ ಮಗ ಅರ್ಲಿಂದೊ ಪಟ್ಟಣದ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾಗಿ ಬಂದ. ಅವನ ಹೆಂಡತಿ ಲಿಯೊನಿದಾ ಅದನ್ನು ಇನ್ನೂ ಮರೆತಿಲ್ಲ.

"ನನ್ ಮದ್ವೇಲಿ ಶಾಸ್ತ್ರಕ್ಕೆ ಅಂತ ಒಂದು ತಟ್ಟೆನೂ ಒಡೀಲಿಲ್ಲ ಫ್ಲೊರಿಯಾನೊ. ಕುಣಿತ ಇಲ್ಲ, ಪದ ಇಲ್ಲ. ಹಂದಿ ಖರೀದಿ ಮಾಡ್ದಂಗೆ ಸಹಿ ಹಾಕಿ ಕರ್ಕೊಂಡು ಬಂದ್ರು."

"ಹಂದಿ ಆಗಿದ್ರೆ ತೂಕ ನೋಡ್ತಿದ್ದೆ," ಅಂದ ಅರ್ಲಿಂದೊ.

ಒಮ್ಮೆ ನಾನು ಆಲ್ವಿನಾಳಿಗೆ ನೇರವಾಗಿ ಹೇಳಿದೆ: "ಆಣೆ ಹಾಕಿದವ್ರು ಮಣ್ಣಾದ್ರು. ಇನ್ನು ಬಿಟ್ಬಿಡಬಾರ್ದಾ?"

"ಅಪ್ಪಂದು ಅಪ್ಪನ ಜೊತೆ ಹೋಯ್ತು. ಈಗಿರೋದು ನಂದು," ಅಂದಳು. "ನಂಗೆ ಅವರ ಕೇಕು ಬೇಡ, ಕ್ಷಮೆ ಬೇಡ. ನಮ್ಮ ಮುತ್ತಾತ ಕಟ್ಟಿದ ಪದ ಕಣೋ ಅದು. ಊರ ಬಾಗಿಲಲ್ಲೆಲ್ಲ ಹೇಳ್ತಾರೆ, ನಮ್ಮ ಬಾಗಿಲಲ್ಲಿ ಇಲ್ಲ. ಒಂದು ಸಲ ಟೆಶ್ ಮನೆಯವ್ರು ಬಂದು ಇಲ್ಲಿ ನಿಂತು ಹೇಳ್ಲಿ. ಕೇಳಿಸ್ಕೊಂಡು ಸಾಯ್ತೀನಿ."

ಟೆಶ್ ಮನೆಯ ಹಿರಿಯ ಮಗ ತೀರಿಕೊಂಡು, ಹೆಂಡತಿ ಸತ್ತ ಹೆರ್ಮಾನನೇ ಆ ಮನೆಗೆ ಯಜಮಾನನಾದ. ಅವನ ಮೊಮ್ಮಗ ಗಿಲ್ಸನ್‌ಗೆ ಜಲಪಾತದ ಕಣಿವೆಯಿಂದಲೇ ಹೆಣ್ಣು ಗೊತ್ತಾಯಿತು. ಈ ಸಲ ಹಳ್ಳದ ಎರಡೂ ಕಡೆ ಒಂದು ಮನೆಯನ್ನೂ ಬಿಡಬಾರದು ಅಂತ ಹೆರ್ಮಾನ್ ಕರೆಗಾರನಿಗೆ ಹೇಳಿದ್ದಾನೆಂಬ ಸುದ್ದಿ ಹರಡಿತು. ಸುದ್ದಿ ಹರಡಿದವನು ನಾನೇ. ಕನ್ಸರ್ಟಿನಕ್ಕೆ ಮೊದಲೇ ಹೇಳಿಡಲು ಬಂದಾಗ ಹೆರ್ಮಾನ್ ನನ್ನೆದುರಿಗೇ ಹೇಳಿದ್ದ. ಆಲ್ವಿನಾ ಕೇಳಿ, "ನೋಡೋಣ," ಅಂದಳು, ಅಷ್ಟೆ.

ಕರೆಗಾರ ಬರುವ ದಿನ ಅರ್ಲಿಂದೊ, ನಾನು ಅಂಗಳದಲ್ಲಿ ಶುಂಠಿ ತೊಳೆಯುತ್ತಿದ್ದೆವು. ಆಲ್ವಿನಾ ಗುಡಿಸಿದ ಮೆಟ್ಟಿಲನ್ನೇ ಮತ್ತೆ ಗುಡಿಸುತ್ತಿದ್ದಳು. ಅವಳ ಏಪ್ರನ್ನಿನ ಜೇಬಿನಿಂದ ಹಸಿರು ಪಟ್ಟಿಯ ತುದಿ ಕಾಣುತ್ತಿತ್ತು. ಆ ಗೌನನ್ನು ನುಸಿ ಹಿಡಿಯಬಾರದೆಂದು ಅವಳು ವರ್ಷಕ್ಕೊಮ್ಮೆ ಒಣ ಹವೆಯಲ್ಲಿ ಹೊರಗೆ ಹಾಕುವುದು ನಮಗೆಲ್ಲ ಗೊತ್ತಿದ್ದದ್ದೇ. ಅವತ್ತೂ ಹಾಕಿದ್ದಳು, ದಾರಿಗೆ ನೇರವಾಗಿ.

"ಇವತ್ತೇ ಹಾಕ್ಬೇಕಿತ್ತಾ ಅತ್ತೆ?" ಅಂದ ಅರ್ಲಿಂದೊ.

"ಇವತ್ತೇ ಹಾಕ್ಬೇಕು. ಟೆಶ್ ಮನೆ ಕಡೆಯವ್ನು ನೋಡ್ಲಿ, ಏನು ಕಳ್ಕೊಂಡ್ರು ಅಂತ."

ಕೆಳಗಡೆಯಿಂದ ಮೋಟಾರುಬೈಕಿನ ಸದ್ದು ಬಂತು. ಅಂಗಿಯ ತುಂಬ ಬಣ್ಣದ ಪಟ್ಟಿಗಳು ಹಾರಾಡುತ್ತಿದ್ದ ಒಬ್ಬ ಯುವಕ ತಿರುವಿನಲ್ಲಿ ಕಾಣಿಸಿಕೊಂಡ. ಆಲ್ವಿನಾ ಪೊರಕೆಯನ್ನು ಬಾಗಿಲ ಹಿಂದೆ ಎಸೆದು ಜಗಲಿಯಲ್ಲಿ ನೆಟ್ಟಗೆ ನಿಂತಳು. ಬೈಕು ನಿಂತಿತು. ಅವನು ಮನೆಯ ಕಡೆ ನೋಡಿದ. ಎಂಜಿನ್ ಆರಿಸಿದ. ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ತಲೆ ತಗ್ಗಿಸಿ, ಬೈಕನ್ನು ತಳ್ಳಿಕೊಂಡು ನಮ್ಮೆದುರೇ ಮುಂದೆ ಹೊರಟ.

ನಾನು ಆಲ್ವಿನಾಳ ಮುಖ ನೋಡಿದೆ. ನೋಡಬಾರದಿತ್ತು. ಎಪ್ಪತ್ತು ದಾಟಿದ ಆ ಮುಖದಲ್ಲಿ ಹತ್ತೊಂಬತ್ತರ ಹುಡುಗಿಯ ಅವಮಾನ ಹಾಗೆಯೇ ಇತ್ತು. ಅರ್ಲಿಂದೊ ಕೈಲಿದ್ದ ಶುಂಠಿಯನ್ನು ನೆಲಕ್ಕೆ ಬಡಿದ. ಇನ್ನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ ಅಂದುಕೊಂಡೆ. ನಮ್ಮಲ್ಲಿ ಯಾರಾದರೂ ಅದನ್ನೇ ಮಾಡುತ್ತಿದ್ದುದು. ಅವಳು ಮೆಟ್ಟಿಲಿಳಿದು ದಾರಿಗೆ ಓಡಿದಳು.

"ಏಯ್! ನಿಲ್ಲೋ! ಯಾಕೋ ಹೆಲ್ಮೆಟ್ ತೆಗ್ದೆ?"

ಅವನು ಬೆಚ್ಚಿ ನಿಂತ. ಹೆಸರು ಜೊಯೆಲ್ ಅಂತ ಆಮೇಲೆ ತಿಳಿಯಿತು, ಹೆಣ್ಣಿನ ಅಣ್ಣ. "ತಪ್ಪಾಯ್ತು ಅಜ್ಜಿ. ಸಾವಾದ ಮನೆ ಅಂತ ಮೊದ್ಲೇ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಇಲ್ಲೀತಂಕ ಬೈಕ್ ಸದ್ದೇ ಮಾಡ್ತಿರ್ಲಿಲ್ಲ."

"ಯಾರೋ ಸತ್ರು?"

"ನಂಗೇನು ಗೊತ್ತಜ್ಜಿ? ತಂತಿ ಮೇಲೆ ಕಪ್ಪು ಬಟ್ಟೆ ಕಾಣ್ತು. ಸಾವಾದ್ರೆ ಹೆಂಗಸ್ರು ಬಟ್ಟೆಗೆ ಕಪ್ಪು ಬಣ್ಣ ಹಾಕಿ ಒಣಗಾಕ್ತಾರಲ್ಲ."

"ಅದು ಮದ್ವೆ ಗೌನು ಕಣೋ ಬೆಪ್ಪೆ!" ಅಂತ ಲಿಯೊನಿದಾ ಕಿಟಕಿಯಿಂದ ಕೂಗಿದಳು.

"ಮದ್ವೆ ಗೌನಾ? ಕಪ್ಪಾ?" ಜೊಯೆಲ್ ನಗಬೇಕೋ ಬೇಡವೋ ತಿಳಿಯದೆ ನಮ್ಮೆಲ್ಲರ ಮುಖ ನೋಡಿದ. "ನಮ್ಮ ಕಣಿವೇಲಿ ಎಲ್ಲಾ ಬಿಳಿನೇ. ನಮ್ಮಜ್ಜಿ ಮದ್ವೇಲೂ ಬಿಳಿನೇ ಅಂತೆ. ಕಪ್ಪು ಅಂದ್ರೆ ಸಾವು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು, ಆಲ್ವಿನಾಳಿಗೆ ಬೇಕಾಗಲಿಲ್ಲ. ಅವಳು ತಿರುಗಿ ಗೌನನ್ನು ನೋಡಿದಳು. ಹಿಂದಿನ ಕರೆಗಾರನೂ ಅದೇ ಕಣಿವೆಯವನು, ಅದೇ ತಿರುವಿನಲ್ಲಿ ನಿಂತವನು.

"ಅವತ್ತು ಅಮ್ಮ ಬೇಡ ಅಂದ್ಲು," ಅಂದಳು. "ಧೂಳು ಕೂರುತ್ತೆ, ಒಳಗೇ ಇರ್ಲಿ ಅಂದ್ಲು. ನಾನೇ ಹೊರಗೆ ಹಾಕ್ದೆ. ದಾರೀಲಿ ಹೋಗೋರಿಗೆ ಕಾಣ್ಲಿ ಅಂತ ನಾನೇ ಹಾಕ್ದೆ."

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಗೌನಿನ ಮೇಲಲ್ಲ, ನಮ್ಮ ಪದ್ಧತಿ ತಿಳಿಯದ ಆ ಕರೆಗಾರನ ಮೇಲೂ ಅಲ್ಲ. ಆಗಸ್ಟ್ ರಾಶ್ ಮೇಲೆ, ಟೆಶ್ ಮನೆಯ ಗಂಡಸರ ಮೇಲೆ. ಇವರ ಅಜ್ಜಂದಿರು ಸಮುದ್ರ ದಾಟಿ ಬಂದರು, ಹುಲಿಯಂಥ ಚಿರತೆಗಳಿದ್ದ ಕಾಡನ್ನು ಕೊಡಲಿಯಲ್ಲಿ ಕಡಿದರು. ಇವರಿಗೆ ಒಂದು ಮರದ ಸಂಕ ದಾಟಿ ಯಾಕಪ್ಪಾ ಅಂತ ಕೇಳಲು ಆಗಲಿಲ್ಲ. ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳಲು ಮಾತ್ರ ಮುಂದೆ. ಆಲ್ವಿನಾ ಕೇಳಿದಳು, ಒಂದೇ ಮಾತಿಗೆ ಉತ್ತರ ಸಿಕ್ಕಿತು.

ಅವಳು ಏಪ್ರನ್ನಿನಿಂದ ಕಣ್ಣೊರೆಸಿಕೊಂಡು ಜಗಲಿಗೆ ಹೋಗಿ ನಿಂತಳು. "ಬಾ. ಬಾಗಿಲಿಗೆ ಬಂದು ಹೇಳು. ದಾರೀಲಿ ನಿಂತು ಹೇಳಿದ್ರೆ ಲೆಕ್ಕಕ್ಕಿಲ್ಲ."

ಜೊಯೆಲ್ ಬಾಗಿಲಲ್ಲಿ ನಿಂತು, ತಡವರಿಸುತ್ತ, ಹಂದಿ ಕೊಬ್ಬಿದೆ, ಕೋಳಿ ಕೂಗಿದೆ ಅಂತ ಶುರುಮಾಡಿದ. ಆಲ್ವಿನಾ ಕಣ್ಣು ಮುಚ್ಚಿ ಕೇಳಿದಳು. ನಾಯಿಗೂ ಒಂದು ಮೂಳೆಯಿದೆ ಅಂತ ಅವನು ಮುಗಿಸಿದಾಗ ಕಣ್ಣು ಬಿಟ್ಟಳು.

"ಒಂದಲ್ಲ ಕಣೋ, ಎರಡು. ನಮ್ಮ ಮುತ್ತಾತ ಎರಡು ಮೂಳೆ ಅಂತ ಕಟ್ಟಿದ್ದು. ನೀವೆಲ್ಲ ಜಿಪುಣರು, ಬಾಯಲ್ಲೂ ಒಂದು ಮೂಳೆ ಉಳಿಸ್ಕೊಂಡ್ರಿ." ಬಾಟಲಿ ಕಿತ್ತುಕೊಂಡು ಒಂದು ಗುಟುಕಿಗಿಂತ ಜಾಸ್ತಿಯೇ ಕುಡಿದಳು. ಹಸಿರು ಪಟ್ಟಿ ಸಿಕ್ಕಿಸುವಾಗ ಪಿನ್ನು ಜೊಯೆಲ್‌ನ ಎದೆಗೂ ಚುಚ್ಚಿತು. ಅವನು ತುಟಿ ಕಚ್ಚಿ ನಿಂತ.

ಮದುವೆಯ ಹಿಂದಿನ ಸಂಜೆ ತಟ್ಟೆ ಒಡೆಯುವುದು ನಮ್ಮ ಪದ್ಧತಿ. ಒಬ್ಬ ಹಿರಿಯ ಹೆಂಗಸು ಹರಸುತ್ತ ಪಿಂಗಾಣಿ ತಟ್ಟೆಗಳನ್ನು ನೆಲಕ್ಕೆ ಅಪ್ಪಳಿಸುತ್ತಾಳೆ, ಚೂರು ಹೆಚ್ಚಾದಷ್ಟೂ ಒಳ್ಳೆಯದು, ಆಮೇಲೆ ಅದರ ಮೇಲೇ ಕುಣಿತ. ಆಲ್ವಿನಾ ಹೂವಿನ ಚಿತ್ತಾರದ ಸಾದಾ ಗೌನು ತೊಟ್ಟು, ಅರ್ಲಿಂದೊ ದಂಪತಿಯ ಜೊತೆ ಸಂಕ ದಾಟಿ ಬಂದಳು. ಚಪ್ಪರದವರೆಲ್ಲ ತಿರುಗಿ ನೋಡಿದರು, ನಾನು ಬೇಗ ಒಂದು ರಾಗ ಎತ್ತಿಕೊಂಡೆ. ಹೆರ್ಮಾನ್ ಕೋಲೂರಿಕೊಂಡು ಎದ್ದು, ತಟ್ಟೆಗಳ ರಾಶಿ ತಂದು ಅವಳ ಮುಂದೆ ಇಟ್ಟ.

"ಅವತ್ತು ನೀವು ಬರ್ಲಿಲ್ಲ," ಅಂದ.

"ನೀವು ಕರೀಲಿಲ್ಲ," ಅಂದಳು. ಆಮೇಲೆ ಗೌನಿನ ವಿಷಯ ಹೇಳಿದಳು. ನಾನು ಪೆಟ್ಟಿಗೆಯನ್ನು ಮೆಲ್ಲಗೆ ಎಳೆಯುತ್ತ ಕೇಳುತ್ತಿದ್ದೆ.

ಹೆರ್ಮಾನ್ ಕೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. "ನಾನು ಸಂಕದ ತನಕ ಬಂದಿದ್ದೆ ಆಲ್ವಿನಾ. ಕೇಳೋಣ ಅಂತಾನೇ ಬಂದಿದ್ದೆ."

"ಮತ್ತೆ?"

"ಎದುರಿಂದ ಹಂದಿ ಬಂತು. ನೋಡಿ ವಾಪಸ್ ಹೋದೆ."

ಆಲ್ವಿನಾ ಒಂದು ತಟ್ಟೆ ಎತ್ತಿಕೊಂಡಳು. "ರುಚಿಯಾಗಿತ್ತಾ ಹಂದಿ?"

"ನಾನು ತಿನ್ಲಿಲ್ಲ."

ಅವಳು ಆ ತಟ್ಟೆಯನ್ನು ಅವನ ಕಾಲಬುಡಕ್ಕೇ ಅಪ್ಪಳಿಸಿದಳು. ಮುದುಕ ಹಿಂದೆ ಸರಿಯಲಿಲ್ಲ. ಹರಸುವ ಮಾತು ಮರೆತು ಹೋಗಿತ್ತೋ, ಬೇಕೆಂದೇ ಬಿಟ್ಟಳೋ, ಮದುಮಕ್ಕಳಿಗೆ ಹೇಳಿದ್ದು ಇಷ್ಟೇ: "ಅನುಮಾನ ಬಂದ್ರೆ ಕೇಳಿ. ನಾಚ್ಕೆ ಬಿಟ್ಟು ಕೇಳಿ." ರಾಶಿ ಮುಗಿಯುವವರೆಗೂ ಒಡೆದಳು. ಆಮೇಲೆ ಲಿಯೊನಿದಾ ಅವಳನ್ನು ಎಳೆದುಕೊಂಡು ಹೋಗಿ ಚೂರುಗಳ ಮೇಲೆ ಕುಣಿಸಿದಳು. ಆ ರಾತ್ರಿ ಅವಳ ಕೋಳಿಗಳಿಗೆ ಕೇಕು ಸಿಗಲಿಲ್ಲ.

ಆಲ್ವಿನಾ ಮುಂದಿನ ವರ್ಷದ ಒಣಹವೆಯಲ್ಲಿ ತೀರಿಕೊಂಡಳು. ನಮ್ಮಲ್ಲಿ ಹೆಂಗಸರನ್ನು ಅವರ ಮದುವೆಯ ಗೌನಿನಲ್ಲಿ ಹೂಳುತ್ತಾರೆ. ಅವಳು ಅದಕ್ಕೆ ಒಪ್ಪಿರಲಿಲ್ಲ. "ನಂಗೆ ಅದನ್ನ ತೊಡಿಸ್ಬೇಡ," ಅಂತ ಲಿಯೊನಿದಾಳಿಗೆ ಹೇಳಿಟ್ಟಿದ್ದಳು. "ಅದೇ ತಂತಿ ಮೇಲೆ ಹಾಕು. ಒಂದು ಸಲನಾದ್ರೂ ಅದು ನಿಜ ಹೇಳ್ಲಿ."

ಹಾಗೇ ಹಾಕಿದೆವು. ದಾರಿಯಲ್ಲಿ ಹೋದವರೆಲ್ಲ ಟೋಪಿ ತೆಗೆದರು, ಈ ಸಲ ಯಾರೂ ತಪ್ಪಾಗಿ ತಿಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೆರ್ಮಾನ್ ಟೆಶ್ ಸಂಕ ದಾಟಿ ಬಂದ. ತಿರುವಿನಲ್ಲಿ ನಿಂತು ಗೌನನ್ನು ನೋಡಿದ, ಟೋಪಿ ತೆಗೆದ. ಆದರೆ ಮುಂದೆ ಹೋಗಲಿಲ್ಲ. ಕೋಲೂರಿಕೊಂಡು ಮೆಟ್ಟಿಲು ಹತ್ತಿ ಒಳಗೆ ಬಂದ.